ಇಳಿತದ ಹೊತ್ತಿಗೆ ಹೋಗಿ ಕೇಳಿ
ಈ ವಾರ ಉಡುಪಿ ಬಳಿಯ ಸಂತೆಕಟ್ಟೆಯಲ್ಲಿ ಮರುವಾಯಿ (ಕಪ್ಪೆಚಿಪ್ಪು) ಮಾರುತ್ತಿದ್ದ ಹೆಂಗಸೊಬ್ಬರು, ಸ್ವರ್ಣಾ ನದಿಯ ಯಾವ ದಂಡೆಯಲ್ಲಿ ಮರುವಾಯಿ ಕಡಿಮೆಯಾಗಿದೆ, ಉಪ್ಪುನೀರು ಎಲ್ಲಿಯವರೆಗೆ ಏರುತ್ತಿದೆ ಎಂಬುದನ್ನೆಲ್ಲ ಎಣಿಸಿ ಕೊಡುತ್ತಲೇ ವಿವರಿಸಿದರು. 2002ರ ಜೀವವೈವಿಧ್ಯ ಕಾಯ್ದೆಯಡಿ ಸ್ಥಳೀಯ ಸಂಸ್ಥೆಗಳು ಜನರೊಂದಿಗೆ ಕೂತು ಬರೆಯಬೇಕಾದ ಜನತಾ ಜೀವವೈವಿಧ್ಯ ದಾಖಲಾತಿಗೆ ಬೇಕಿರುವುದು ಇದೇ ತಿಳಿವಳಿಕೆ. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಪ್ರತಿಪಾದಿಸಿದ್ದೂ ಜನರ ಇಂಥ ತಿಳಿವಳಿಕೆಯನ್ನು ದಾಖಲಿಸುವುದನ್ನೇ. ಆದರೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಈ ದಾಖಲಾತಿಗಳನ್ನು ಮುಗಿಸಲು 2020ರ ಜನವರಿ 31ರ ಗಡುವು ವಿಧಿಸಿ, ತಪ್ಪಿದರೆ ರಾಜ್ಯಗಳಿಗೆ ತಿಂಗಳಿಗೆ 10 ಲಕ್ಷ ರೂಪಾಯಿ ಹೊರೆ ಎಂದಾಗ, ಕೇಳಿಸಿಕೊಳ್ಳುವುದಕ್ಕಿಂತ ಪುಸ್ತಕ ತುಂಬಿಸುವುದೇ ತುರ್ತಾಯಿತು. ಮರುವಾಯಿ ಹೆಕ್ಕುವವರ ದಿನ ನಡೆಯುವುದು ಉಬ್ಬರವಿಳಿತದ ಲೆಕ್ಕದಲ್ಲಿ, ಪಂಚಾಯತ್ ಸಭೆಯ ವೇಳೆಯಲ್ಲಲ್ಲ. ವಿಧಾನವೇ ಅವರಿಗೆ ಹೊಂದಿಕೊಳ್ಳಬೇಕು: ನೀರಿಳಿದಾಗ ದಂಡೆಗೆ ಹೋಗಿ, ತುಳುವಿನಲ್ಲೇ ಕೇಳಿ, ಬರೆದದ್ದನ್ನು ಅವರಿಗೇ ಓದಿ ಹೇಳಿ ತಿದ್ದಿಸಬೇಕು. ಓದುಗರೇ, ನಿಮ್ಮೂರಿನ ದಾಖಲಾತಿ ತೋರಿಸಿ ಎಂದು ಒಮ್ಮೆ ಪಂಚಾಯತಿನಲ್ಲಿ ಕೇಳಿ.