ಅಂಗಳದ ಡಾಂಬರು, ಅಡಿಯ ಎರೆಮಣ್ಣು

ಮನೆ ಕಟ್ಟಿಸುವಾಗ ಗೋಡೆಯ ಬಣ್ಣ, ಬಾಗಿಲಿನ ಮರ, ಅಡುಗೆಮನೆಯ ಕಲ್ಲು ಎಂದು ನಾವು ಎಷ್ಟೊಂದು ಯೋಚಿಸುತ್ತೇವೆ! ಗೇಟಿನಿಂದ ಬಾಗಿಲಿನವರೆಗಿನ ದಾರಿ ನೆನಪಾಗುವುದು ಮಾತ್ರ ಕೊನೆಯಲ್ಲಿ, ಕೈಯಲ್ಲಿದ್ದ ಹಣ ಮುಗಿದ ಮೇಲೆ. ಆದರೆ ನಸುಕಿನಲ್ಲಿ ಫಜ್ರ್ ನಮಾಝಿಗೆ ಹೊರಡುವ ಅಜ್ಜನೂ, ಶಾಲೆಗೆ ಓಡುವ ಮಗುವೂ, ತುಂಬಿದ ಕೊಡ ಹಿಡಿದು ಬರುವ ಗೃಹಿಣಿಯೂ ತುಳಿಯುವುದು ಅದೇ ದಾರಿಯನ್ನು. ಅಲ್ಲಿನ ಒಂದು ಸಣ್ಣ ಗುಂಡಿ ಸಾಕು, ವಯಸ್ಸಾದವರು ಬಿದ್ದು ಸೊಂಟ ಮುರಿದುಕೊಂಡು ತಿಂಗಳುಗಟ್ಟಲೆ ಮಲಗಲು.

ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲೂಕಿನ ದೇಶನೂರಿನಂತಹ ಊರುಗಳಲ್ಲಿ ಈ ತೊಂದರೆ ಇನ್ನೂ ಹೆಚ್ಚು. ತುಂಗಭದ್ರೆಯ ಈ ಸೀಮೆ ಎರೆ ನೆಲ. ಮಳೆ ಬಿದ್ದರೆ ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ. ಬೇಸಿಗೆಯಲ್ಲಿ ಒಣಗಿ ಕುಗ್ಗಿ, ಕೈ ಇಳಿಯುವಷ್ಟು ಅಗಲ ಬಿರಿಯುತ್ತದೆ. ಹೊಲದಲ್ಲಿರುವ ಅದೇ ಮಣ್ಣು ನಿಮ್ಮ ಅಂಗಳದ ಕೆಳಗೂ ಇದೆ. ಡಾಂಬರು ಅದರ ಮೇಲೆ ಹೊದಿಸಿದ ತೆಳುವಾದ ಹೊದಿಕೆ, ಅಷ್ಟೆ. ಕೆಳಗಿನ ಮಣ್ಣು ಏಳುತ್ತ ಇಳಿಯುತ್ತ ಇದ್ದರೆ ಮೇಲಿನ ಹೊದಿಕೆ ಹರಿಯದೆ ಇರುತ್ತದೆಯೇ?

ಇದಕ್ಕೆ ಪರಿಹಾರವಿದೆ. ಮುಂಬೈ ಐಐಟಿಯಲ್ಲಿದ್ದ ಪ್ರೊ. ಆರ್.ಕೆ. ಕಟ್ಟಿಯವರು 1970ರ ದಶಕದಲ್ಲಿ ಎರೆಮಣ್ಣಿನ ಬಗ್ಗೆ ಆಳವಾದ ಅಧ್ಯಯನ ನಡೆಸಿದರು. ಎರೆಮಣ್ಣಿನ ಮೇಲೆ ಉಬ್ಬದಂತಹ, ಅಂಟುಗುಣವುಳ್ಳ ಮಣ್ಣಿನ ಪದರವನ್ನು ಗಟ್ಟಿಯಾಗಿ ಕೂರಿಸಿದರೆ ಅದರ ಉಬ್ಬರ ತಗ್ಗುತ್ತದೆ ಎಂದು ಅವರು ತೋರಿಸಿಕೊಟ್ಟರು. ನಮ್ಮ ಕಡೆಯ ಒಳ್ಳೆಯ ಗರಸು ಈ ಕೆಲಸಕ್ಕೆ ಆಗುತ್ತದೆ. ಆದ್ದರಿಂದ ಹೊಸದಾಗಿ ದಾರಿ ಮಾಡಿಸುವವರು ಮೊದಲು ಒಂದೆರಡು ಅಡಿ ಎರೆಮಣ್ಣು ತೆಗೆಸಿ, ಗರಸು ತುಂಬಿಸಿ. ಅದನ್ನು ಒಮ್ಮೆಲೇ ಸುರಿಯದೆ ಅರ್ಧ ಅಡಿಯಂತೆ ಹರಡಿ, ನೀರು ಚಿಮುಕಿಸಿ, ರೋಲರ್ ಹೊಡೆಸಬೇಕು. ಅದರ ಮೇಲೆ ಜಲ್ಲಿ, ಆಮೇಲೆ ಡಾಂಬರು. ಡಾಂಬರು ಬೆರೆಸಿದ ಜಲ್ಲಿ ಬಿಸಿಬಿಸಿಯಾಗಿಯೇ ಬರಬೇಕು. ದಾರಿಯಲ್ಲೇ ತಣ್ಣಗಾದ ಮಾಲಿಗೆ ಎಷ್ಟು ರೋಲರ್ ಹೊಡೆದರೂ ಕಲ್ಲುಗಳು ಒಂದಕ್ಕೊಂದು ಕಚ್ಚಿಕೊಳ್ಳುವುದಿಲ್ಲ.

ಈಗಾಗಲೇ ದಾರಿ ಇರುವವರು ನೆನಪಿಡಬೇಕಾದುದು ಒಂದೇ ಮಾತು: ಡಾಂಬರಿನ ದೊಡ್ಡ ಶತ್ರು ವಾಹನವಲ್ಲ, ನೀರು. ಬಿರುಕಿನಿಂದ ಒಳಗಿಳಿದ ನೀರು ಅಡಿಯ ಮಣ್ಣನ್ನು ಮೆತ್ತಗೆ ಮಾಡುತ್ತದೆ. ಮೇಲೆ ಟ್ರ್ಯಾಕ್ಟರ್ ಹಾದಾಗ ಗುಂಡಿ ಬೀಳುತ್ತದೆ. ಮೇ ತಿಂಗಳಲ್ಲಿ ಒಮ್ಮೆ ದಾರಿಯನ್ನು ಚೆನ್ನಾಗಿ ಗುಡಿಸಿ ನೋಡಿ. ಬಿರುಕು ಕಂಡರೆ ಬ್ರಷ್‌ನಿಂದ ಧೂಳು ತೆಗೆದು, ಪೂರ್ತಿ ಒಣಗಿದ ಮೇಲೆ ಡಾಂಬರಿನ ಎಮಲ್ಷನ್ ಸುರಿದು, ಮೇಲೆ ಮರಳು ಉದುರಿಸಿ. ಇದಕ್ಕೆ ಬಿಸಿ ಮಾಡುವ ಕಷ್ಟವಿಲ್ಲ. ಗುಂಡಿಯಾಗಿದ್ದರೆ ಸಡಿಲವಾದುದನ್ನೆಲ್ಲ ಕಿತ್ತು, ಅಂಚನ್ನು ನೇರವಾಗಿ ಕತ್ತರಿಸಿ, ಡಾಂಬರು ಜಲ್ಲಿ ತುಂಬಿ ಗಟ್ಟಿಯಾಗಿ ಬಡಿಯಿರಿ. ಗುಂಡಿಗೆ ಮಣ್ಣು ತುಂಬಬೇಡಿ. ಅದು ನೀರನ್ನು ಹಿಡಿದಿಟ್ಟು ಗುಂಡಿಯನ್ನು ಇನ್ನೂ ದೊಡ್ಡದು ಮಾಡುತ್ತದೆ.

ಕಪ್ಪಗೆ ಹೊಳೆಯಲೆಂದು ಪ್ರತಿ ವರ್ಷ ಡಾಂಬರು ಬಳಿಸುವವರಿದ್ದಾರೆ. ಇದು ಹಣ ದಂಡ. ದಪ್ಪಗಾದ ಲೇಪ ಬಳ್ಳಾರಿಯ ಬಿಸಿಲಿಗೆ ಕರಗಿ ಚಪ್ಪಲಿಗೆ ಮೆತ್ತುತ್ತದೆ, ಮಳೆಯಲ್ಲಿ ಜಾರುತ್ತದೆ.

ನಮ್ಮ ಮನೆಗಳಲ್ಲಿ ಗಮನಿಸಬೇಕಾದ ಇನ್ನೂ ಕೆಲವು ಸಂಗತಿಗಳಿವೆ. ಮದುವೆ, ದಾವತ್‌ಗಳಲ್ಲಿ ಡಾಂಬರಿನ ಮೇಲೆಯೇ ಒಲೆ ಹೂಡಿ ದೇಗ್ ಇಡಬೇಡಿ. ಬೆಂಕಿಗೆ ಡಾಂಬರು ಸುಟ್ಟು, ಕಲ್ಲು ಬಿಟ್ಟುಕೊಳ್ಳುತ್ತದೆ. ಶಾಮಿಯಾನದವರು ಹೊಡೆದ ಗೂಟದ ತೂತುಗಳನ್ನು ಮರುದಿನವೇ ಮುಚ್ಚಿಸಿ. ಬೈಕು, ಟ್ರ್ಯಾಕ್ಟರ್‌ನಿಂದ ಸೋರುವ ಡೀಸೆಲ್, ಪೆಟ್ರೋಲ್ ಡಾಂಬರನ್ನು ಕರಗಿಸುತ್ತವೆ. ಚೆಲ್ಲಿದ ಕೂಡಲೇ ಮರಳನ್ನೋ ಭತ್ತದ ಹೊಟ್ಟನ್ನೋ ಹಾಕಿ ಹೀರಿಸಿ, ಗುಡಿಸಿ ತೆಗೆಯಿರಿ. ಬಚ್ಚಲ ನೀರು, ಪಾತ್ರೆ ತೊಳೆದ ನೀರು ದಾರಿಯ ಅಂಚಿನಲ್ಲಿ ನಿಲ್ಲದಿರಲಿ.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಮಾತು. ನೀರು ಹರಿದುಹೋಗಲು ದಾರಿಗೆ ಅಡಿಗೆ ಕಾಲು ಇಂಚಿನಷ್ಟು ಇಳಿಜಾರು ಬೇಕು. ಆದರೆ ಆ ಇಳಿಜಾರು ಯಾರ ಮನೆಯ ಕಡೆಗೆ? ಹಳೆಯದರ ಮೇಲೆ ಹೊಸತು ಹಾಕುತ್ತ ಹೋದಂತೆ ನಮ್ಮ ಅಂಗಳ ಎತ್ತರವಾಗುತ್ತದೆ, ಪಕ್ಕದ ಬಡವನ ಮನೆ ತಗ್ಗಿಗೆ ಬೀಳುತ್ತದೆ. ನಮ್ಮ ಅಂಗಳ ಒಣಗಿತು, ಅವನ ಮಣ್ಣಿನ ಗೋಡೆ ನೆನೆಯಿತು. ಎರೆ ನೆಲದಲ್ಲಿ ನೆನೆದ ಬುನಾದಿ ಎಂದರೆ ಬಿರಿದ ಗೋಡೆ. ದಾರಿಯಲ್ಲಿನ ತೊಂದರೆಯನ್ನು ಸರಿಸುವುದೂ ಈಮಾನಿನ ಒಂದು ಭಾಗ ಎಂದು ಕಲಿತವರು ನಾವು. ನೆರೆಯವನ ಬಾಗಿಲಿಗೆ ತೊಂದರೆ ಹರಿಸುವುದು ನಮಗೆ ಒಪ್ಪುತ್ತದೆಯೇ?

ಹಾಗಾಗಿ ಡಾಂಬರಿನವರನ್ನು ಕರೆಯುವ ಮುನ್ನ ಅಂಗಳದಲ್ಲಿ ನಾಲ್ಕು ಕೊಡ ನೀರು ಸುರಿದು ನೋಡಿ. ನೀರು ಚರಂಡಿ ಸೇರಿದರೆ ಕೆಲಸ ಶುರು ಮಾಡಿಸಿ. ಪಕ್ಕದ ಗೋಡೆಯತ್ತ ಹೋದರೆ ಮೊದಲು ಕಾಲುವೆ ತೋಡಿಸಿ, ಡಾಂಬರು ಆಮೇಲೆ.