ಅಮೀರ್‌ಪೇಟೆಯಲ್ಲಿ ತಾಯ್ನುಡಿಗೆ ಮದ್ದು

"ಮೀಕು ಎಂಟಿಐ ಚಾಲಾ ಉಂದಂಡಿ" ಎಂದರು ಕೌಂಟರಿನಲ್ಲಿದ್ದ ಮೇಡಂ. ಅಮೀರ್‌ಪೇಟೆಯ ಮೈತ್ರಿವನಂ ಹತ್ತಿರದ ಗಲ್ಲಿ, ಮೂರನೇ ಮಹಡಿ, ಲಿಫ್ಟ್ ಕೆಟ್ಟಿತ್ತು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದ ನನಗೆ ಅದು ಬಿಪಿ, ಶುಗರಿನ ಥರದ್ದೇ ಏನೋ ಇರಬೇಕು ಅನ್ನಿಸಿತು. ಎಂಟಿಐ ಅಂದರೆ ಮದರ್ ಟಂಗ್ ಇನ್‌ಫ್ಲುಯೆನ್ಸ್, ತಾಯ್ನುಡಿಯ ಪ್ರಭಾವ. ನನ್ನ ಹೆಸರು, ಊರು, ಓದಿದ ಕಾಲೇಜು ಇಷ್ಟನ್ನೇ ಇಂಗ್ಲಿಷಿನಲ್ಲಿ ಹೇಳಿದ್ದೆ. ಅಷ್ಟರಲ್ಲೇ ರೋಗ ಪತ್ತೆಯಾಗಿತ್ತು. ಮದ್ದಿಗೆ ದರಪಟ್ಟಿಯೂ ಸಿದ್ಧವಿತ್ತು: ಐಇಎಲ್‌ಟಿಎಸ್ ತರಗತಿಗೆ ಒಂದು ಫೀಸು, ಎಂಟಿಐ ತೆಗೆಯುವ ಹದಿನೈದು ದಿನಕ್ಕೆ ಬೇರೆ ಫೀಸು. ಎರಡನ್ನೂ ಕಟ್ಟಿ ರಸೀದಿ ಇಸಿದುಕೊಂಡೆ.

ಸೆಂಟರಿನ ಹೆಸರು ಇಲ್ಲಿ ಬೇಡ. ಒಂದನ್ನು ಬೈದರೆ ಉಳಿದವೆಲ್ಲ ಒಳ್ಳೆಯವು ಅನ್ನಿಸೀತು. ಅಲ್ಲದೆ ನನ್ನ ಜಗಳ ಆ ಸೆಂಟರಿನ ಜೊತೆಗಲ್ಲ. ಹಣ ಕಟ್ಟುವಾಗ ತಲೆ ತಗ್ಗಿಸಿದೆನಲ್ಲ, ಜಗಳ ಅದರ ಜೊತೆ. ಸಿಂಧನೂರಿನ ಕನ್ನಡ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ, ರಾಯಚೂರಿನಲ್ಲಿ ಡಿಪ್ಲೊಮಾ, ಕಲಬುರಗಿಯಲ್ಲಿ ಬಿ.ಇ. ಮಾಡಿ ಬಂದ ನನಗೆ, ನನ್ನ ಭಾಷೆಯೇ ನನ್ನ ಕಾಯಿಲೆ ಎಂದು ಯಾರೋ ಹೇಳಿದಾಗ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಹೌದಲ್ಲ ಅನ್ನಿಸಿತು. ಈ ಲೇಖನ ಓದುತ್ತಿರುವ ಬಹಳ ಮಂದಿಗೂ ಹಾಗೇ ಅನ್ನಿಸಿರುತ್ತದೆ ಎಂಬ ಅನುಮಾನದಿಂದಲೇ ಇದನ್ನು ಬರೆಯುತ್ತಿದ್ದೇನೆ.

ಇನ್ನು ತರಗತಿಯ ಕಥೆ. ಇಂಗ್ಲಿಷನ್ನು ಅಲ್ಲಿ ತೆಲುಗಿನಲ್ಲಿ ಹೇಳಿಕೊಡುತ್ತಿದ್ದರು. ಅದರಲ್ಲಿ ತಪ್ಪೇನಿಲ್ಲ, ಕಲಿಯುವವರ ನುಡಿಯಲ್ಲಿ ಕಲಿಸಬೇಕು. ಆದರೆ ತೆಲುಗಿನಲ್ಲಿ ವಿವರಿಸಿ, ತೆಲುಗಿನಲ್ಲಿ ಜೋಕು ಹೇಳಿ, ಕೊನೆಗೆ "ಮಾತೃಭಾಷೆಯನ್ನು ಗೇಟಿನ ಹೊರಗೇ ಬಿಟ್ಟು ಬನ್ನಿ" ಎಂದು ತೆಲುಗಿನಲ್ಲೇ ಬುದ್ಧಿ ಹೇಳುತ್ತಿದ್ದರು. ಬೀದರಿನ ಇಬ್ಬರು, ಯಾದಗಿರಿಯ ಒಬ್ಬ, ನಾನು, ಹೀಗೆ ನಾಲ್ವರು ಕನ್ನಡದವರು ಹಿಂದಿನ ಬೆಂಚಿನಲ್ಲಿ ಕೂತು ಇಂಗ್ಲಿಷ್ ಕಲಿಯುವ ಮೊದಲು ತೆಲುಗು ಕಲಿತೆವು. ಆ ಹಣಕ್ಕೆ ಸಿಕ್ಕ ನಿಜವಾದ ವಿದ್ಯೆ ಅದೊಂದೇ.

ಉಳಿದದ್ದೆಲ್ಲ ಅಚ್ಚು. ಗ್ರಾಫ್ ಬಂದರೆ ಈ ಮೊದಲ ಸಾಲು, ಪ್ರಬಂಧ ಬಂದರೆ ಆ ಮೊದಲ ಸಾಲು. ವಿಷಯ ಕುಡಿಯುವ ನೀರಾಗಲಿ, ಮೊಬೈಲಾಗಲಿ, ಮರಣದಂಡನೆಯಾಗಲಿ, ಶುರು ಮಾತ್ರ "ಇನ್ ದಿಸ್ ಮಾಡರ್ನ್ ಎರಾ" ಎಂದೇ. ನಡುವೆ ಭಾರದ ಪದಗಳ ಪಟ್ಟಿ. 'ಮೆನಿ' ಅನ್ನಬಾರದು, 'ಪ್ಲೆಥೋರಾ' ಅನ್ನಬೇಕು. ಮಾತಿನ ಪರೀಕ್ಷೆಗೆ ಬಾಯಿ ಸೊಟ್ಟ ಮಾಡಿ 'ವಾಟರ್' ಅನ್ನುವ ಅಭ್ಯಾಸ. ಒಂದು ಸಂಜೆ ಮೂವತ್ತು ಜನ ಎಂಜಿನಿಯರುಗಳು ಒಟ್ಟಾಗಿ ಹಾಗೆ ನೀರು ಕೇಳಿದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ.

ಆದರೆ ಪರೀಕ್ಷೆ ಕೇಳುವುದೇನು? ಬರವಣಿಗೆಗೆ ಒಂದು ಗಂಟೆ. ಮೊದಲ ಭಾಗದಲ್ಲಿ ಒಂದು ಗ್ರಾಫನ್ನೋ ಕೋಷ್ಟಕವನ್ನೋ ಒಂದು ಪ್ರಕ್ರಿಯೆಯ ಚಿತ್ರವನ್ನೋ ನೋಡಿ ಕನಿಷ್ಠ 150 ಪದಗಳಲ್ಲಿ ವಿವರಿಸಬೇಕು. ಎರಡನೆಯದರಲ್ಲಿ ಒಂದು ವಾದಕ್ಕೆ ಕನಿಷ್ಠ 250 ಪದಗಳ ಉತ್ತರ. ಅಂಕ ಕೊಡುವ ಅಳತೆಗೋಲು ನಾಲ್ಕು: ಕೇಳಿದ್ದಕ್ಕೆ ಉತ್ತರಿಸಿದ್ದೀರಾ, ಮಾತು ಒಂದಕ್ಕೊಂದು ಹೊಂದಿಕೊಂಡಿದೆಯಾ, ಪದ ಸರಿಯಿದೆಯಾ, ವ್ಯಾಕರಣ ಸರಿಯಿದೆಯಾ. ನಾಲ್ಕಕ್ಕೂ ಸಮಪಾಲು. ಮಾತಿನ ಪರೀಕ್ಷೆ 11ರಿಂದ 14 ನಿಮಿಷ. ಅಲ್ಲಿ ಉಚ್ಚಾರಣೆಗೆ ಅಂಕವಿದೆ ನಿಜ, ಆದರೆ ನೋಡುವುದು ಎದುರಿನವರಿಗೆ ತಿಳಿಯುತ್ತದೆಯೇ ಎಂಬುದನ್ನು. ರಾಯಚೂರಿನ ಧಾಟಿಯಲ್ಲಿ ಇಂಗ್ಲಿಷ್ ಆಡಿದ್ದಕ್ಕೆ ಅಂಕ ಕಳೆಯುವ ನಿಯಮ ಎಲ್ಲೂ ಇಲ್ಲ. ಬಾಯಿಪಾಠ ಮಾಡಿ ಒಪ್ಪಿಸಿದ ಸಾಲುಗಳನ್ನು ಗುರುತಿಸುವ ತರಬೇತಿ ಮಾತ್ರ ಪರೀಕ್ಷಕರಿಗೆ ಇದೆ. ಅಂದರೆ ಅಂಕ ಹೋಗದ ಧಾಟಿಯನ್ನು ತೆಗೆಯಲು ಹಣ ಕೊಟ್ಟೆವು, ಅಂಕ ಕಳೆಯುವ ಅಚ್ಚನ್ನೂ ಹಣ ಕೊಟ್ಟೇ ತಂದೆವು.

ಫಲಿತಾಂಶ ಬಂತು. ಬರವಣಿಗೆಯಲ್ಲಿ 5.5. ನನಗೆ ಬೇಕಿದ್ದದ್ದು ನಾಲ್ಕೂ ವಿಭಾಗದಲ್ಲಿ ತಲಾ 6. ಆಸ್ಟ್ರೇಲಿಯಾಕ್ಕೆ ವಲಸೆ ಹೋಗಲು ಎಂಜಿನಿಯರಿಂಗ್ ಪದವಿಯನ್ನು ತೂಗಿ ನೋಡುವ ಎಂಜಿನಿಯರ್ಸ್ ಆಸ್ಟ್ರೇಲಿಯಾ ಸಂಸ್ಥೆ ಕೇಳುವುದು ಅದನ್ನೇ. ಪರೀಕ್ಷೆಯ ಶುಲ್ಕ ಈಗ ಸುಮಾರು 18 ಸಾವಿರ ರೂಪಾಯಿ. ಪಡೆದ ಅಂಕದ ಆಯುಷ್ಯ ಎರಡು ವರ್ಷ. 2021ರಲ್ಲಿ ಬ್ರಿಟಿಷ್ ಕೌನ್ಸಿಲ್ ತನ್ನ ಭಾರತದ ಐಇಎಲ್‌ಟಿಎಸ್ ವ್ಯವಹಾರವನ್ನು ಐಡಿಪಿ ಕಂಪನಿಗೆ 13 ಕೋಟಿ ಪೌಂಡಿಗೆ ಮಾರಿತು. ರೂಪಾಯಿಯಲ್ಲಿ ಸಾವಿರದ ಮುನ್ನೂರು ಕೋಟಿಗೂ ಹೆಚ್ಚು. ನಮ್ಮ ಹೆದರಿಕೆಗೆ ಮಾರುಕಟ್ಟೆಯಲ್ಲಿ ಎಷ್ಟು ಬೆಲೆ ಇದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಲೆಕ್ಕ ಬೇಕೆ?

ಆ ಸಂಸ್ಥೆ ಅಂಕದ ಜೊತೆಗೆ ಇನ್ನೊಂದನ್ನೂ ಕೇಳುತ್ತದೆ. ನೀವೇ ಮಾಡಿದ ಕೆಲಸದ ಮೂರು ಕಥನಗಳು, ಒಂದೊಂದು 1000ದಿಂದ 2500 ಪದ. ನನ್ನ ಪ್ರಕಾರ ಎಂಜಿನಿಯರನ ನಿಜವಾದ ಇಂಗ್ಲಿಷ್ ಪರೀಕ್ಷೆ ಅದೇ. 'ತಂಡ ಮಾಡಿತು' ಎಂದರೆ ನಡೆಯುವುದಿಲ್ಲ. ನಾನು ಏನು ಅಳೆದೆ, ಏನು ಲೆಕ್ಕ ಹಾಕಿದೆ, ಯಾಕೆ ಆ ತೀರ್ಮಾನಕ್ಕೆ ಬಂದೆ ಎಂದು ಬರೆಯಬೇಕು. ದುಡ್ಡು ಕೊಟ್ಟರೆ ಬರೆದುಕೊಡುವವರೂ ಇದ್ದಾರೆ. ಕದ್ದ ಬರಹ ಎಂದು ಗೊತ್ತಾದರೆ ಅರ್ಜಿಯೇ ತಿರಸ್ಕೃತ.

ಸಿಂಧನೂರಿನ ಅಕ್ಕಿ ಗಿರಣಿಯೊಂದರಲ್ಲಿ ಒಂದು ವರ್ಷ ದುಡಿದಿದ್ದೆ. ಅದನ್ನೇ ಬರೆಯಲು ಕೂತೆ. ಭತ್ತ ಒಣಗಿಸುವ ಡ್ರೈಯರಿನ ಬ್ಲೋವರಿಗೆ ಒಂದೇ ಹಂಗಾಮಿನಲ್ಲಿ ಮೂರು ಸಲ ಬೇರಿಂಗ್ ಹೋಗಿತ್ತು. ನಾನು ಬರೆದದ್ದು ಹೀಗಿತ್ತು: ಅನೇಕ ಕ್ರಮಗಳನ್ನು ಕೈಗೊಳ್ಳಲಾಯಿತು, ವಿವಿಧ ಅಂಶಗಳನ್ನು ಗಮನಿಸಲಾಯಿತು, ಸಮಸ್ಯೆಯನ್ನು ಯಶಸ್ವಿಯಾಗಿ ಬಗೆಹರಿಸಲಾಯಿತು. ಇಂಗ್ಲಿಷಿನಲ್ಲಿ, ಭಾರದ ಪದಗಳ ಸಮೇತ. ಎಸ್.ಆರ್. ನಗರದ ಹಾಸ್ಟೆಲಿನ ನನ್ನ ರೂಮ್‌ಮೇಟ್, ಅದೇ ಹಿಂದಿನ ಬೆಂಚಿನ ಬೀದರಿನ ಹುಡುಗ, ಓದಿ ಕೇಳಿದ: "ಖರೇ ಏನಾಗಿತ್ತೋ ಅಲ್ಲಿ?"

ಐದು ನಿಮಿಷದಲ್ಲಿ ಹೇಳಿ ಮುಗಿಸಿದೆ. ಬೇರಿಂಗ್ ಕೆಟ್ಟಾಗಲೆಲ್ಲ ಬೇರಿಂಗನ್ನೇ ಬದಲಿಸುತ್ತಿದ್ದರು. ಹಮಾಲಿ ಮಾಡುವ ಅಜ್ಜ ಒಬ್ಬರು "ಬ್ಲೋವರ್ ನಡಗ್ತದ ನೋಡ್ರಿ ಸಾಹೇಬ್ರ, ಬೋಲ್ಟ್ ಬಿಗದ್ರೂ ಸಡ್ಲ ಆಗ್ತದ" ಎಂದರು. ಮೋಟರಿನ ಒಂದು ಕಾಲು ತಳಕ್ಕೆ ಕೂತೇ ಇರಲಿಲ್ಲ. ಬಿಗಿದಾಗಲೆಲ್ಲ ಶಾಫ್ಟು ಓರೆಯಾಗುತ್ತಿತ್ತು. ಡಯಲ್ ಗೇಜ್ ಹಚ್ಚಿ ಅಳೆದೆ. ಆ ಕಾಲಿನಡಿ 0.4 ಮಿ.ಮೀ. ತಗಡು ಕೊಟ್ಟೆ. ಹಂಗಾಮು ಮುಗಿಯುವವರೆಗೂ ಬೇರಿಂಗ್ ಬಿಸಿಯಾಗಲಿಲ್ಲ.

"ಇದನ್ನ ಯಾಕ ಬರ್ದಿಲ್ಲ?" ಅಂದ. ಉತ್ತರ ಇರಲಿಲ್ಲ.

ನನಗೆ ಗೊತ್ತಿದ್ದದ್ದು ಕನ್ನಡದಲ್ಲಿ ಇತ್ತು. ಇಂಗ್ಲಿಷಿನಲ್ಲಿ ನನ್ನ ಬಳಿ ಇದ್ದದ್ದು ಅಚ್ಚು ಮಾತ್ರ. ಕನ್ನಡವನ್ನು ಗೇಟಿನ ಹೊರಗೆ ಬಿಟ್ಟಾಗ ಅದರ ಜೊತೆ ಬ್ಲೋವರು, ಅಜ್ಜ, ಡಯಲ್ ಗೇಜು ಎಲ್ಲವೂ ಹೊರಗೇ ಉಳಿದವು. ಖಾಲಿ ಕೈಯಲ್ಲಿ ಒಳಗೆ ಹೋದವನು ಬಾಡಿಗೆ ಮಾತು ಆಡದೆ ಇನ್ನೇನು ಆಡಿಯಾನು?

ಅಂದಿನಿಂದ ನಾವಿಬ್ಬರೂ ಬೇರೆ ರೀತಿ ಓದಿದೆವು. ಗ್ರಾಫ್ ಮುಂದಿಟ್ಟು ಮೊದಲು ಕನ್ನಡದಲ್ಲಿ ಹೇಳುವುದು: ಮುಖ್ಯವಾಗಿ ಏನು ಏರಿದೆ, ಏನು ಇಳಿದಿದೆ, ಎಲ್ಲಿ ದಾಟಿದೆ. ಅದು ಸ್ಪಷ್ಟವಾದ ಮೇಲೆ ಇಂಗ್ಲಿಷ್. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಸೆಂಟರಿನಲ್ಲಿ ಯಾರೂ ಹೇಳದ ವ್ಯಾಕರಣ ಕಂಡಿತು. 'ಎ' ಮತ್ತು 'ದಿ' ಕನ್ನಡದಲ್ಲಿ ಇಲ್ಲ, ಅದಕ್ಕೇ ನಮಗೆ ಬರುವುದಿಲ್ಲ ಎಂದು ನಂಬಿದ್ದೆವು. ಆದರೆ "ಒಂದು ಬೋಲ್ಟ್ ಸಡಿಲಾಗಿತ್ತು, ಆ ಬೋಲ್ಟನ್ನು ಬಿಗಿದೆವು" ಎನ್ನುವಾಗ ಅದೇ ಕೆಲಸವನ್ನು 'ಒಂದು' ಮತ್ತು 'ಆ' ಮಾಡುತ್ತಿವೆಯಲ್ಲ! 'ನಿನ್ನೆ ಕೆಟ್ಟ ಬ್ಲೋವರು' ಎಂದು ನಾವು ವಿವರವನ್ನು ಹೆಸರಿನ ಹಿಂದೆ ಹೂಡುತ್ತೇವೆ, ಇಂಗ್ಲಿಷ್ ಅದನ್ನು ಹೆಸರಿನ ನಂತರ ಕಟ್ಟುತ್ತದೆ. 'ಅಳೆದೆ' ಎಂದರೆ ಸಾಕು, ಅಳೆದವನು ನಾನೇ ಎಂದು ಕ್ರಿಯಾಪದವೇ ಹೇಳುತ್ತದೆ. ಇಂಗ್ಲಿಷಿನಲ್ಲಿ 'ಐ' ಬರೆಯದಿದ್ದರೆ ನಾನು ಅಲ್ಲಿ ಇಲ್ಲವೇ ಇಲ್ಲ. ಲ್ಯಾಬ್ ರೆಕಾರ್ಡಿನಲ್ಲಿ ನಾಲ್ಕು ವರ್ಷ 'ಇಟ್ ವಾಸ್ ಅಬ್ಸರ್ವ್ಡ್' ಎಂದು ಗೀಚಿ ನಮ್ಮನ್ನು ನಾವೇ ಅಳಿಸಿಕೊಂಡಿದ್ದೆವು.

ಎರಡನೇ ಸಲ 6.5 ಬಂತು. ಒಬ್ಬನ ಅಂಕದಿಂದ ಸಿದ್ಧಾಂತ ಕಟ್ಟಬಾರದು, ಒಪ್ಪುತ್ತೇನೆ. ಆದರೆ ಇದು ನಾವಿಬ್ಬರು ಹಾಸ್ಟೆಲಿನಲ್ಲಿ ಕಂಡುಹಿಡಿದದ್ದೂ ಅಲ್ಲ. ಭಾಷೆಯನ್ನು ಬಾಯಿಪಾಠ ಮಾಡಿಸದೆ, ಅರ್ಥದ ಮೇಲೆ ಗಮನವಿಟ್ಟು ಕೆಲಸ ಮಾಡಿಸಿದರೆ ಭಾಷೆ ಬರುತ್ತದೆ ಎಂಬ ಪ್ರಯೋಗವನ್ನು ಎನ್.ಎಸ್. ಪ್ರಭು 1979ರಿಂದ 1984ರವರೆಗೆ ದಕ್ಷಿಣ ಭಾರತದ ಶಾಲೆಗಳಲ್ಲಿ ನಡೆಸಿದರು. ಮಕ್ಕಳಿಗೆ ರೈಲಿನ ವೇಳಾಪಟ್ಟಿ, ನಕ್ಷೆ ಕೊಟ್ಟು ಲೆಕ್ಕ ಬಿಡಿಸಲು ಹೇಳಿದರು. ಜಗತ್ತಿನ ಇಂಗ್ಲಿಷ್ ಮೇಷ್ಟ್ರುಗಳು ಅದನ್ನು ಬೆಂಗಳೂರು ಪ್ರಾಜೆಕ್ಟ್ ಎಂದೇ ಓದುತ್ತಾರೆ. ಇಂಗ್ಲಿಷ್ ಕಲಿಸುವುದು ಹೇಗೆಂದು ಯೋಚಿಸಲೆಂದೇ 1958ರಲ್ಲಿ ಹುಟ್ಟಿದ ಸಂಸ್ಥೆ, ಇಂದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ, ಇದೇ ಹೈದರಾಬಾದಿನಲ್ಲಿದೆ. ಆ ಊರಿನಲ್ಲೇ ನಾವು ಫ್ಲೆಕ್ಸ್ ನೋಡಿ ಗುರುವನ್ನು ಆರಿಸುತ್ತೇವೆ.

"ಪರೀಕ್ಷೆಯಲ್ಲಿ ಕನ್ನಡದಲ್ಲಿ ಯೋಚಿಸಿ ತರ್ಜುಮೆ ಮಾಡುತ್ತ ಕೂತರೆ ಸಮಯ ಸಾಲುತ್ತದಾ?" ಎಂದು ಕೇಳುವವರಿದ್ದಾರೆ. ಸಾಲುವುದಿಲ್ಲ. ಪರೀಕ್ಷೆಯ ದಿನ ಇಂಗ್ಲಿಷಿನಲ್ಲೇ ಓಡಬೇಕು. ನಾನು ಹೇಳುತ್ತಿರುವುದು ತಯಾರಿಯ ತಿಂಗಳುಗಳ ಮಾತು. ಇನ್ನು ಕೆಲವರು "ಹಾಗಾದರೆ ನೀವು ಇಂಗ್ಲಿಷ್ ವಿರೋಧಿ" ಎನ್ನುತ್ತಾರೆ. ಇಂಗ್ಲಿಷ್ ಬೇಡ ಎನ್ನುವ ಸೌಕರ್ಯ ನನಗಿಲ್ಲ, ಕನ್ನಡ ಮಾಧ್ಯಮದಿಂದ ಬಂದ ಯಾರಿಗೂ ಇಲ್ಲ. ಬೇಕು, ಚೆನ್ನಾಗಿಯೇ ಬೇಕು. ಅದಕ್ಕೇ ಅಚ್ಚು ಸಾಲದು ಎನ್ನುತ್ತಿದ್ದೇನೆ.

ನಮ್ಮ ನುಡಿಯಲ್ಲಿ ವಿಜ್ಞಾನ, ಎಂಜಿನಿಯರಿಂಗ್ ಸಾಧ್ಯವೇ ಇಲ್ಲ ಎನ್ನುವವರು ಅಮೀರ್‌ಪೇಟೆಯಿಂದ ಉಸ್ಮಾನಿಯಾ ವಿಶ್ವವಿದ್ಯಾಲಯದವರೆಗೆ ಒಮ್ಮೆ ಹೋಗಿ ಬರಲಿ. 1918ರಲ್ಲಿ ಶುರುವಾದ ಅಲ್ಲಿ ಬೋಧನೆಯ ಭಾಷೆ ಉರ್ದು. ಪಠ್ಯಗಳಿಗಾಗಿ 1917ರಲ್ಲೇ ದಾರುಲ್ ತರ್ಜುಮಾ ಎಂಬ ಅನುವಾದ ಸಂಸ್ಥೆ ಕಟ್ಟಿದ್ದರು. ವೈದ್ಯಕೀಯ, ಎಂಜಿನಿಯರಿಂಗ್ ಎಲ್ಲವೂ ಉರ್ದುವಿನಲ್ಲಿ, ಇಂಗ್ಲಿಷ್ ಒಂದು ಕಡ್ಡಾಯ ವಿಷಯ. 1948ರ ಪೊಲೀಸ್ ಕಾರ್ಯಾಚರಣೆಯ ನಂತರ ಬೋಧನೆ ಇಂಗ್ಲಿಷಿಗೆ ತಿರುಗಿತು. ಇದನ್ನು ಹೊಗಳಿ ಮುಗಿಸುವಂತೆಯೂ ಇಲ್ಲ. ನಿಜಾಮರ ಕಾಲದ ಬೀದರ್, ಕಲಬುರಗಿ, ರಾಯಚೂರಿನ ಹುಡುಗರಿಗೆ ಉರ್ದು ಕೂಡ ಮನೆಮಾತಲ್ಲ. ನಮ್ಮ ಅಜ್ಜಂದಿರು ಇದೇ ಊರಿಗೆ ಉರ್ದು ಹೊತ್ತು ಬಂದರು, ನಾವು ಇಂಗ್ಲಿಷ್ ಹೊತ್ತು ಬಂದಿದ್ದೇವೆ. ಬಾಗಿಲಿನ ಮೇಲಿನ ಬೋರ್ಡು ಬದಲಾಗಿದೆ, ಹೊರಗೆ ಸಾಲಿನಲ್ಲಿ ನಿಂತವರು ನಾವೇ. 2021ರಲ್ಲಿ ಎಐಸಿಟಿಇ ಕನ್ನಡವೂ ಸೇರಿ 11 ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಕಲಿಸಲು ಅವಕಾಶ ಕೊಟ್ಟಾಗ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ನಕ್ಕವರೇ ಹೆಚ್ಚು. ನಾನೂ ನಕ್ಕಿದ್ದೆ.

ಪರೀಕ್ಷೆಯ ಬಗ್ಗೆಯೂ ಒಂದು ತಕರಾರಿದೆ. ವಿದೇಶಕ್ಕೆ ಹೋಗುವ ದಾದಿಯರಿಗೆ, ವೈದ್ಯರಿಗೆ ಓಇಟಿ ಎಂಬ ಬೇರೆ ಪರೀಕ್ಷೆ ಇದೆ. ಅಲ್ಲಿ ರೋಗಿಯ ವಿವರ ನೋಡಿ ಇನ್ನೊಬ್ಬ ವೈದ್ಯರಿಗೋ ದಾದಿಗೋ ಪತ್ರ ಬರೆಯಬೇಕು, ಅಂದರೆ ಅವರ ಕಸುಬಿನದೇ ಇಂಗ್ಲಿಷ್. ಜಪಾನಿನಲ್ಲಿ ತಾಂತ್ರಿಕ ಬರವಣಿಗೆಗೆಂದೇ ಇಂಗ್ಲಿಷ್ ಪರೀಕ್ಷೆ ಇದೆ. ಸರಿಯಾಗಿ, ಸ್ಪಷ್ಟವಾಗಿ, ಚಿಕ್ಕದಾಗಿ ಹೇಳುವುದೇ ಅದರ ಸೂತ್ರ. ಇಷ್ಟೊಂದು ಎಂಜಿನಿಯರುಗಳನ್ನು ಕಳಿಸುವ ನಾವು ಮಾತ್ರ ಅಂಥದ್ದೊಂದನ್ನು ಕೇಳಲೂ ಇಲ್ಲ, ಕಟ್ಟಲೂ ಇಲ್ಲ. ಚಿಲ್ಕೂರು ಬಾಲಾಜಿಗೆ ಹನ್ನೊಂದು ಸುತ್ತು ಹಾಕಿ, ವೀಸಾ ಬಂದರೆ ನೂರೆಂಟು ಎಂದು ಹರಕೆ ಹೊತ್ತು ಬಂದೆವು.

ಕೊನೆಗೆ ನಮ್ಮ ಮಾತು, ಅಂದರೆ ಪರೀಕ್ಷೆ ದಾಟಿದವರದು. ಊರಿನಿಂದ ಹುಡುಗನೊಬ್ಬ ಫೋನ್ ಮಾಡಿ "ಅಣ್ಣಾ, ಇಂಗ್ಲಿಷಿಗೆ ಯಾವ ಕೋಚಿಂಗ್ ಸೇರಲಿ?" ಎಂದಾಗ ನಾವು ಕಳಿಸುವುದು ಅದೇ ಮೂರನೇ ಮಹಡಿಗೆ. ನಾನೂ ಇಬ್ಬರನ್ನು ಕಳಿಸಿದ್ದೇನೆ, 5.5 ಬಂದ ಮೇಲೂ. ಕಾಚಿಗುಡದಲ್ಲಿ ನೃಪತುಂಗ ಶಾಲೆ ಇದೆ, ಕರ್ನಾಟಕ ಸಾಹಿತ್ಯ ಮಂದಿರ ಇದೆ. ರಾಜ್ಯೋತ್ಸವಕ್ಕೆ ಶಾಲು ಹೊದ್ದು ಫೋಟೊ ತೆಗೆಸಿಕೊಳ್ಳಲು ಪುರಸೊತ್ತು ಮಾಡಿಕೊಳ್ಳುವ ನಮಗೆ, ಭಾನುವಾರ ಎರಡು ಗಂಟೆ ಇಂಥ ಹುಡುಗರ ಎದುರು ಒಂದು ಗ್ರಾಫ್ ಇಟ್ಟುಕೊಂಡು ಕೂರಲು ಪುರಸೊತ್ತಿಲ್ಲವೇ? ಅದಕ್ಕೆ ಫ್ಲೆಕ್ಸ್ ಬೇಡ, ಫೀಸು ಬೇಡ. "ಇದರಲ್ಲಿ ಏನು ಕಾಣ್ತದ, ಮೊದಲು ಕನ್ನಡದಾಗ ಹೇಳು" ಎನ್ನಬಲ್ಲ ಒಬ್ಬ ಅಣ್ಣನೋ ಅಕ್ಕನೋ ಇದ್ದರೆ ಆಯಿತು.

ಈ ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಾನು, ಬೀದರಿನ ಗೆಳೆಯ ಇಬ್ಬರೂ ರೂಮಿನಲ್ಲೇ ಇರುತ್ತೇವೆ. ನಾನೇ ಕೋಚಿಂಗಿಗೆ ಕಳಿಸಿದ್ದ ಆ ಇಬ್ಬರು ಹುಡುಗರನ್ನು ಬರಹೇಳಿದ್ದೇನೆ. ಅವರ ಹತ್ತಿರ ಎಂಟಿಐ ಇದ್ದರೆ ತಪ್ಪದೆ ತರಲು ಹೇಳಿದ್ದೇನೆ.