ಅದು ಆಟದ ರೈಲಲ್ಲ!

ಡಾರ್ಜಿಲಿಂಗ್ ರೈಲಿನ ಚಿತ್ರ ಕಂಡ ಕೂಡಲೇ ಎಲ್ಲರೂ “ಟಾಯ್ ಟ್ರೇನ್” ಅಂತಾರೆ. ದೊಡ್ಡವರೂ ಹಾಗೇ ಅಂತಾರೆ. ಆ ಹೆಸರು ನನಗೆ ಸ್ವಲ್ಪವೂ ಇಷ್ಟವಿಲ್ಲ. ಯಾಕೆ ಅಂತ ಹೇಳ್ತೀನಿ ಕೇಳಿ.

1881ರಲ್ಲಿ ರೈಲು ಡಾರ್ಜಿಲಿಂಗ್ ಮುಟ್ಟಿತು. ಅದಕ್ಕೂ ಮುಂಚೆ ಸಾಮಾನೆಲ್ಲ ಎತ್ತಿನ ಗಾಡಿಯಲ್ಲಿ ಬೆಟ್ಟ ಹತ್ತಬೇಕಿತ್ತು. ಹಾಗಾಗಿ ಮೇಲೆ ಅಕ್ಕಿಯ ಬೆಲೆ ಕೆಳಗಿನ ಸಿಲಿಗುರಿಯ ಬೆಲೆಗಿಂತ ಎರಡು ಪಟ್ಟಿಗೂ ಜಾಸ್ತಿ. ರೈಲು ಬಂದ ಮೇಲೆ ಅಕ್ಕಿ ಮೇಲಕ್ಕೆ, ಚಹಾ ಕೆಳಕ್ಕೆ. ಬ್ರಿಟಿಷರು ತಮ್ಮ ಲಾಭಕ್ಕೇ ಮಾಡಿಸಿದ್ದು ಅನ್ನಿ. ಆದರೂ ಅನ್ನ ಹೊತ್ತ ರೈಲು ಆಟಿಕೆ ಹೇಗಾಗುತ್ತೆ?

ಮೊದಲು ಬೇರೆ ಎಂಜಿನ್‌ಗಳಿದ್ದವು. 1889ರಿಂದ 1925ರವರೆಗೆ ‘ಬಿ ಕ್ಲಾಸ್’ ಎಂಬ ಉಗಿ ಎಂಜಿನ್‌ಗಳು ಒಟ್ಟು 34 ತಯಾರಾದವು. ಹೆಚ್ಚಿನವು ಬ್ರಿಟನ್ನಿನಿಂದ ಬಂದವು. ಆದರೆ ಮೂರನ್ನು ಅದೇ ಬೆಟ್ಟದ ತಿನ್‌ಧಾರಿಯಾ ಕಾರ್ಖಾನೆಯಲ್ಲೇ ಕಟ್ಟಿದರು. ಇದು ತಿಳಿದು ನನಗೆ ಬಹಳ ಖುಷಿಯಾಯ್ತು.

ನೋಡೋಕೆ ಚಿಕ್ಕದು, ನಿಜ. ಹಳಿಗಳ ನಡುವೆ ಎರಡೇ ಅಡಿ, ಎಂಜಿನ್‌ಗೆ ನಾಲ್ಕೇ ಚಕ್ರ. ಆ ಬೆಟ್ಟದ ತಿರುವುಗಳಲ್ಲಿ ದೊಡ್ಡ ಎಂಜಿನ್ ತಿರುಗೋದೇ ಇಲ್ಲ, ಅದಕ್ಕೇ ಹಾಗೆ ಮಾಡಿದ್ದು. ಈ ಪುಟ್ಟ ಎಂಜಿನ್ ಘೂಮ್ ಎಂಬ ನಿಲ್ದಾಣಕ್ಕೆ, ಅಂದರೆ 2258 ಮೀಟರ್ ಎತ್ತರಕ್ಕೆ ಹತ್ತುತ್ತೆ. ಕೆಲವು ಕಡೆ ಏರು ಎಷ್ಟಿದೆ ಅಂದ್ರೆ ರೈಲು ಸ್ವಲ್ಪ ಮುಂದೆ ಹೋಗಿ, ಹಿಮ್ಮುಖವಾಗಿ ಹತ್ತಿ, ಮತ್ತೆ ಮುಂದೆ ಹೊರಡುತ್ತೆ.

ಈಗ ಮುಖ್ಯ ವಿಷಯ. ಎಂಜಿನ್ ಮೇಲೆ ಡ್ರೈವರ್, ಫೈರ್‌ಮನ್ ಇಬ್ಬರೇ ಅಂದ್ಕೋಬೇಡಿ. ಕಲ್ಲಿದ್ದಲ ರಾಶಿ ಮೇಲೆ ಒಬ್ಬ ಕೂತು ದೊಡ್ಡ ದೊಡ್ಡ ತುಂಡುಗಳನ್ನು ಒಡೆದು ಕೊಡ್ತಿದ್ದ. ಎಂಜಿನ್ನಿನ ಮೂತಿಯಲ್ಲಿ ಇಬ್ಬರು ಕೂತು ಹಳಿ ಮೇಲೆ ಮರಳು ಹಾಕ್ತಿದ್ದರು. ಮಂಜಿಗೆ, ಮಳೆಗೆ ಹಳಿ ಒದ್ದೆಯಾದರೆ ಚಕ್ರ ಇದ್ದಲ್ಲೇ ಗಿರಗಿರ ತಿರುಗುತ್ತೆ, ರೈಲು ಮುಂದೆ ಹೋಗಲ್ಲ. ಅಂಥ ಚಳಿಯಲ್ಲಿ, ಗಾಳಿಗೆ ಎದುರಾಗಿ, ಹೊರಗೆ ಕೂತವರ ಕೈ ಹೇಗೆ ಮರಗಟ್ಟಿರಬೇಡ! ನಾವು ಟಾಯ್ ಅಂದರೆ ಅವರು ಆಟ ಆಡ್ತಿದ್ದರು ಅಂದ ಹಾಗಾಗಲ್ವಾ?

1999ರಲ್ಲಿ ಯುನೆಸ್ಕೊ ಈ ರೈಲು ದಾರಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆಮೇಲೆ ಡೀಸೆಲ್ ಎಂಜಿನ್ ಬಂದವು. ಕೆಲವು ಬಿ ಕ್ಲಾಸ್ ಎಂಜಿನ್‌ಗಳು ಈಗಲೂ ಡಾರ್ಜಿಲಿಂಗ್‌ನಿಂದ ಘೂಮ್‌ಗೆ ಪ್ರವಾಸಿಗರನ್ನು ಕರೆದೊಯ್ಯುತ್ತವೆ. ಆ ಪ್ರವಾಸಿಗರಿಗೆ ಟಿಕೆಟ್ ಜೊತೆ ಒಂದು ಹಾಳೆ ಕೊಟ್ಟು, ಮರಳು ಹಾಕಿದವರ, ಕಲ್ಲಿದ್ದಲು ಒಡೆದವರ ಕೆಲಸ ಎಂಥದ್ದು ಅಂತ ತಿಳಿಸಬೇಕು ಎಂಬುದು ನನ್ನ ಅಭಿಪ್ರಾಯ.

ಯಾರಾದರೂ ಒಪ್ಪದಿದ್ದರೆ ಚೀಟಿಯಲ್ಲಿ ಬರೆದು ಇದರ ಕೆಳಗೆ ಅಂಟಿಸಿ. ಮುಂದಿನ ಸಂಚಿಕೆಯಲ್ಲಿ ಉತ್ತರ ಬರೀತೀನಿ.

– 7ನೇ ತರಗತಿ